ನವನೀತ ಸೊಸೈಟಿಯಲ್ಲಿ ಹಾಲು ಉಕ್ಕಿಸುವ ನಿಯಮ

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂಬದಿಯಲ್ಲಿರುವ ನವನೀತ ಸಹಕಾರಿ ಗೃಹನಿರ್ಮಾಣ ಸೊಸೈಟಿಯಲ್ಲಿ ಹಾಲು ಕಾಯಿಸುವುದನ್ನು ಕಳೆದ ಸಂಕ್ರಾಂತಿಯಿಂದ ನಿಷೇಧಿಸಲಾಗಿದೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲವಾದರೂ, ಹೊರಗಿನ ಕೆಲವರು ಇದನ್ನು ಕೇಳಿ ನಗುತ್ತಾರೆಂಬ ಸಂಗತಿ ಆಡಳಿತ ಮಂಡಳಿಯ ಗಮನಕ್ಕೆ ಬಂದಿದೆ. ಆದಕಾರಣ ಸೊಸೈಟಿಯ ಗೌರವ ಕಾರ್ಯದರ್ಶಿಯಾದ ನಾನು, ಕೃಷ್ಣಾಜಿ, ನಡೆದದ್ದನ್ನು ನಡೆದ ಹಾಗೆ ನಿವೇದಿಸುತ್ತಿದ್ದೇನೆ. ನಾನು ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಕಡತ ನೋಡಿಯೇ ತಲೆ ಬೆಳ್ಳಗೆ ಮಾಡಿಕೊಂಡವನು. ನನ್ನ ಮೇಜಿನಿಂದ ಒಂದು ಕಾಗದವೂ ಸಾಕಷ್ಟು ತಡವಾಗದೆ ಮುಂದೆ ಹೋದದ್ದಿಲ್ಲ. ಇಂಥ ಅನುಭವವಿರುವ ಮನುಷ್ಯ ಸೊಸೈಟಿಗೆ ಸಿಕ್ಕಿದ್ದು ಪುಣ್ಯವೆಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಯಾರೂ ಹೇಳುತ್ತಿಲ್ಲ.

ನಿಷೇಧ ಬಂದ ಬಗೆ ಹೀಗೆ. ನಮ್ಮ ಅಧ್ಯಕ್ಷರಾದ ಪೃಥ್ವಿರಾಜ್ ಅವರಿಗೆ ರಾಂಜಣಗಾಂವದಲ್ಲಿ ನಟ್ಟು-ಬೋಲ್ಟು ಮಾಡುವ ಕಾರ್ಖಾನೆ ಇದೆ. ಕಾರ್ಖಾನೆಯ ಹಿಂದೆ ಜಾಗ ಖಾಲಿ ಬಿದ್ದಿತ್ತೆಂದು ಅವರು ಅಲ್ಲಿ ಹಸುಗಳನ್ನು ಕಟ್ಟಿದರು. ಹಸುಗಳು ಹಾಲು ಕೊಟ್ಟವು. ಹಾಲು ಬಂದ ಮೇಲೆ ಅದನ್ನು ಯಾರಾದರೂ ಕುಡಿಯಬೇಕು. ವಿಶೇಷ ಸಭೆ ಕರೆದು, ಪ್ರತಿ ಮನೆಯವರೂ ದಿನಕ್ಕೊಂದು ಬಾಟಲಿ ‘ಜೀವಂತ ಹಾಲು’ ತೆಗೆದುಕೊಳ್ಳತಕ್ಕದ್ದೆಂದು ನಿರ್ಣಯ ಮಾಡಿದೆವು. ಜೀವಂತ ಹಾಲೆಂದರೆ ಜೀವವಿರುವ ಹಾಲು. ಕಾಯಿಸಿದರೆ ಜೀವ ಹೋಗುತ್ತದೆ. ಜೀವ ತೆಗೆಯುವುದು ಹಿಂಸೆ. ಹಿಂಸೆಗೆ ಆವರಣದಲ್ಲಿ ಅವಕಾಶವಿಲ್ಲವೆಂದು ನಮ್ಮ ಉಪನಿಯಮದಲ್ಲಿ ಮೊದಲಿನಿಂದಲೂ ಇದೆ. ಅದನ್ನು ಬೀದಿನಾಯಿಗಳ ಸಲುವಾಗಿ ಬರೆದದ್ದು, ಆದರೂ ಇದೆ.

ನಿಯಮವಾದ ಮೇಲೆ ವಿವರ ಬೇಕು. ವಿವರವನ್ನು ನಾನು ಬರೆದೆ. ಚಹಾದ ನೀರನ್ನು ಬೇರೆ ಕುದಿಸಿ, ಬೆರಳು ಅದ್ದುವಷ್ಟು ಆರಿಸಿ, ನಂತರ ಹಾಲು ಬೆರೆಸತಕ್ಕದ್ದು. ಪಾಯಸವನ್ನು ನೀರಿನಲ್ಲಿ ಬೇಯಿಸಿ, ಹಾಲನ್ನು ಪಕ್ಕದಲ್ಲಿ ಬಡಿಸತಕ್ಕದ್ದು. ಬಾಸುಂದಿಯ ಹೆಸರನ್ನು ಆವರಣದಲ್ಲಿ ಎತ್ತತಕ್ಕದ್ದಲ್ಲ, ಏಕೆಂದರೆ ಅದರಲ್ಲಿ ಹಾಲನ್ನು ಗಂಟೆಗಟ್ಟಲೆ ಹಿಂಸಿಸಲಾಗುತ್ತದೆ. ಪುಣೆಯ ಪದ್ಧತಿಯಂತೆ ಲಿಫ್ಟಿನ ಪಕ್ಕದಲ್ಲಿ ಒಂದು ಫಲಕವನ್ನೂ ತೂಗುಹಾಕಿದೆವು: ‘ಒಲೆ ನಿಮ್ಮದು. ಹಾಲು ಸೊಸೈಟಿಯದು. ಎರಡನ್ನೂ ದೂರ ಇಡಿ.’ ಈ ಊರಿನಲ್ಲಿ ಫಲಕವಿಲ್ಲದ ನಿಯಮವನ್ನು ಯಾರೂ ನಿಯಮವೆಂದು ಒಪ್ಪುವುದಿಲ್ಲ.

ಆದರೂ ಕದ್ದು ಕಾಯಿಸುವವರು ಇದ್ದರು. ಅದಕ್ಕಾಗಿ ಕೆನೆ ತಪಾಸಣಾ ದಳವನ್ನು ರಚಿಸಲಾಯಿತು. ಕಾಯಿಸಿದ ಹಾಲು ಆರಿದರೆ ಮೇಲೆ ಗಟ್ಟಿ ಕೆನೆ ಕಟ್ಟುತ್ತದೆ. ಕಳ್ಳ ಎಷ್ಟೇ ಜಾಣನಾದರೂ ಕೆನೆ ಸುಳ್ಳು ಹೇಳುವುದಿಲ್ಲ. ದಳವು ಬೆಳಿಗ್ಗೆ ಮನೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿತ್ತು. ನಿಷ್ಪಕ್ಷಪಾತವಾಗಿರಬೇಕಲ್ಲ, ಹಾಗಾಗಿ ದಳ ನನ್ನ ಮನೆಗೂ ಬಂತು. ದಳದಲ್ಲಿ ನಾನೂ ಇದ್ದೆ. ನನ್ನ ಮನೆಯ ಬೆಲ್ ನಾನೇ ಒತ್ತಿದೆ. ನನ್ನ ಹೆಂಡತಿ ಭಾಮಾ ಬಾಗಿಲು ತೆಗೆದಳು.

“ನಿಮ್ಮ ಮನಿಗೆ ನೀವ ಬೆಲ್ ಒತ್ತತೀರೇನ್ರಿ?”

“ನಾ ಈಗ ಮನಿಯಾಂವ ಅಲ್ಲ. ದಳದಾಂವ ಇದ್ದೀನಿ.”

“ದಳದಾಂವಗ ಚಹಾ ಕೊಡ್ಲೋ ಬ್ಯಾಡೋ?”

ಚಹಾ ಬೇಡವೆಂದು ಹೇಳಿ ಒಳಗೆ ಹೋದೆವು. ಅಡಿಗೆಮನೆಯಲ್ಲಿ ಏನೂ ಸಿಗಲಿಲ್ಲ. ದೇವರ ಮನೆಯಲ್ಲಿ, ಬಾಳೆಹಣ್ಣಿನ ಬುಟ್ಟಿಯ ಹಿಂದೆ, ಒಂದು ಸ್ಟೀಲಿನ ಪಾತ್ರೆ ಸಿಕ್ಕಿತು. ಮುಚ್ಚಳ ತೆಗೆದರೆ ಬೆರಳು ದಪ್ಪದ ಕೆನೆ. ಊರಿಗೆಲ್ಲ ಶಾಸ್ತ್ರ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದ ಹಾಗಾಯಿತು ನನ್ನ ಸ್ಥಿತಿ.

“ಇದೇನಿದು?” ಎಂದೆ.

“ನೈವೇದ್ಯ.”

“ನೈವೇದ್ಯಕ್ಕ ವಿನಾಯಿತಿ ಇಲ್ಲ.”

“ಬರದಾವ್ರು ನೀವ. ದೇವರಿಗೊಂದು ಸಾಲು ಬಿಡಬೇಕಿತ್ತಿಲ್ಲೋ?” ಎಂದಳು. ಮತ್ತೆ ದಳದವರ ಮುಖ ನೋಡಿ, ನನ್ನ ಮುಖ ನೋಡಿ, ದನಿ ತಗ್ಗಿಸಿ, “ಹೋಗ್ಲಿ ಬಿಡ್ರಿ. ನಾಕ ಮಂದ್ಯಾಗ ನಿಮ್ಮ ಮಾನ ಹೋಗೂದು ಬ್ಯಾಡ. ನಾಳಿಂದ ಹಸೀ ಹಾಲ ಕುಡೀತೀನಿ,” ಎಂದಳು. ಹೇಳಿದಂತೆ ಕುಡಿದಳು. ಪಾತ್ರೆಯನ್ನು ಜಪ್ತಿ ಮಾಡಿ ಸೊಸೈಟಿಯ ಕಚೇರಿಯಲ್ಲಿ ಇಡಲಾಯಿತು.

ಈ ನಡುವೆ ನಾಲ್ಕನೆಯ ಮಹಡಿಯ ಒಂದು ಮನೆ ಮಾರಾಟವಾಯಿತು. ಕೊಂಡವರು ಮೋಹನದಾಸ್ ಮತ್ತು ಅವರ ಹೆಂಡತಿ ಲೀಲಾಕ್ಷಿ. ಮೂಲ ಕಾರ್ಕಳದ ಕಡೆಯವರು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಇಡ್ಲಿ-ವಡೆಯ ಹೋಟೆಲು ನಡೆಸುತ್ತ, ಹೋಟೆಲಿನ ಮೇಲಿನ ಕೋಣೆಯಲ್ಲೇ ಸಂಸಾರ ಮಾಡಿದವರು. ಕೆಳಗೆ ವಡೆ ಬಿಟ್ಟರೆ ಮೇಲೆ ಹಾಸಿಗೆಗೂ ಅದರ ವಾಸನೆ ಬರುವಂಥ ಕೋಣೆ. ಅಕ್ಷಯ ತೃತೀಯದ ದಿನ ಗೃಹಪ್ರವೇಶ ಇಟ್ಟುಕೊಂಡು, ಸೊಸೈಟಿಯ ಒಪ್ಪಿಗೆ ಕೇಳಲು ಇಬ್ಬರೂ ನನ್ನ ಮುಂದೆ ಕೂತರು.

“ಒಂದು ಸಣ್ಣ ಗಣಹೋಮ ಉಂಟು. ಮತ್ತೆ ಹಾಲು ಉಕ್ಕಿಸುವುದು,” ಎಂದರು ಮೋಹನದಾಸ್.

“ಹೋಮಕ್ಕ ಅಡ್ಡಿ ಇಲ್ಲ್ರಿ. ಹಾಲಿಗೆ ಅದ.”

“ಹೊಗೆ ಆಗ್ತದೆ, ಹಾಲು ಆಗುವುದಿಲ್ಲವಾ?”

ನಾನು ಉಪನಿಯಮವನ್ನು ಓದಿ ಹೇಳಿದೆ. ಆಮೇಲೆ ಲೀಲಾಕ್ಷಿ ಮಾತಾಡಿದರು.

“ನೋಡಿ, ಮದುವೆಯಾಗಿ ಬಂದ ಮೇಲೆ ಬಾಡಿಗೆ ಮನೆಗಳಲ್ಲೇ ಹಾಲು ಉಕ್ಕಿಸಿದ್ದು ನಾನು. ಹೋಟೆಲಿನ ಮೇಲಿನ ಕೋಣೆಯಲ್ಲಿ ಸಹ. ಪ್ರತಿ ಸಲ ಉಕ್ಕುವಾಗ ಅನ್ನಿಸ್ತಿತ್ತು, ಇದು ಬೇರೆಯವರ ಒಲೆ, ನಾವು ಹೋದ ಮೇಲೆ ಯಾರದ್ದೋ ಪಾತ್ರೆ ಇದರ ಮೇಲೆ ಅಂತ. ಇದೊಂದು ನಮ್ಮದು. ಒಂದು ಸಲ ಬೆಂಕಿ ಹಚ್ಚಿ ಹಾಲು ಉಕ್ಕಿಸಿ ಬಿಡ್ತೇನೆ. ಮತ್ತೆ ನೀವು ಹೇಳಿದ ಹಾಗೆ. ಆದರೆ ಅದಾಗದೆ ನಾನು ಆ ಮನೆಯಲ್ಲಿ ಒಂದು ರಾತ್ರಿ ಸಹ ಮಲಗುವುದಿಲ್ಲ.”

ನನ್ನ ಕರುಳು ಚುರ್ ಎಂದಿತು. ನಾನೂ ಹೆಂಡತಿ ಇರುವವನೇ. ಆದರೆ ಕಾರ್ಯದರ್ಶಿಯ ಕರುಳಿಗೆ ಸಭೆಯಲ್ಲಿ ಮತವಿಲ್ಲ. ಅರ್ಜಿ ಬರೆದುಕೊಡಿರೆಂದು ಹೇಳಿ, ಸಂಪ್ರದಾಯದಂತೆ ಅವರಿಗೆ ಒಂದು ಬಾಟಲಿ ಜೀವಂತ ಹಾಲನ್ನು ಸೊಸೈಟಿಯ ವತಿಯಿಂದ ಕೊಟ್ಟು ಕಳಿಸಿದೆ.

ಹೋಟೆಲಿನವರ ಕೈಗೆ ಹಾಲು ಸಿಕ್ಕರೆ ಅವರು ಮೊದಲು ಮಾಡುವ ಕೆಲಸ ಹೆಪ್ಪು ಹಾಕುವುದು. ಮೋಹನದಾಸ್ ಹಾಕಿದರು. ಹಾಲು ಮೊಸರಾಗಲಿಲ್ಲ. ಇನ್ನಷ್ಟು ಹೆಪ್ಪು ಹಾಕಿದರು. ಆಗಲೂ ಆಗಲಿಲ್ಲ, ಬದಲಿಗೆ ಗುಳ್ಳೆ ಗುಳ್ಳೆಯಾಗಿ ಮೇಲೆದ್ದು ಒಂಥರಾ ನಾತ ಬಂತು. ಮೊಸರುವಡೆಯಿಂದಲೇ ಹೆಸರು ಮಾಡಿದ ಮನುಷ್ಯ. ಮೊಸರಾಗದ ಹಾಲನ್ನು ಅವರು ಹಾಲೆಂದೇ ನಂಬಲಿಲ್ಲ. ನಮ್ಮಿಂದ ಇನ್ನೊಂದು ಬಾಟಲಿ ಕೇಳಿ ಪಡೆದು, ಅದನ್ನೂ, ಹೋಲಿಕೆಗೆ ಅಂಗಡಿಯ ಒಂದು ಪ್ಯಾಕೆಟ್ ಹಾಲನ್ನೂ ತಮ್ಮ ಹೋಟೆಲಿನ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕಳಿಸಿದರು. ಆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಕೇತಕಿ ನನ್ನ ಅಣ್ಣನ ಮಗಳು. ಪುಣೆ ದೊಡ್ಡ ಊರು, ಆದರೆ ಕನ್ನಡದವರ ಪುಣೆ ಅಂಗೈಯಗಲ.

ಅದೇ ವೇಳೆಗೆ ಸೊಸೈಟಿಯ ಸದಸ್ಯರ ಹೊಟ್ಟೆಗಳಲ್ಲಿ ಚಟುವಟಿಕೆ ಹೆಚ್ಚಿತ್ತು. ಅಧ್ಯಕ್ಷರು ಸುತ್ತೋಲೆ ಹೊರಡಿಸಿ, ಇದು ಕಾಯಿಲೆಯಲ್ಲ, ಇಷ್ಟು ವರ್ಷ ಕುಡಿದ ಕಾಯಿಸಿದ ಹಾಲು ಈಗ ಹೊರಹೋಗುತ್ತಿದೆ ಎಂದು ತಿಳಿಸಿದರು. ಜನರಿಗೆ ಸಮಾಧಾನವಾಯಿತು. ಬಾಗಿಲುಗಳ ಮೇಲೆ ಹೊಸ ಫಲಕಗಳು ಬಂದವು: ‘ಬೆಲ್ ಒಮ್ಮೆ ಮಾತ್ರ ಒತ್ತಿ. ನಾವು ಮನೆಯಲ್ಲೇ ಇದ್ದೇವೆ, ಆದರೆ ಎದ್ದು ಬರುವ ಸ್ಥಿತಿಯಲ್ಲಿಲ್ಲ.’ ಮಂಡಳಿಯ ಸಭೆಗಳಲ್ಲಿ ಕೋರಂ ಆಗುವುದು ಕಷ್ಟವಾಯಿತು, ಏಕೆಂದರೆ ಒಬ್ಬರು ಬಂದು ಕೂತರೆ ಇನ್ನೊಬ್ಬರು ಎದ್ದು ಹೋಗುತ್ತಿದ್ದರು. ಆಗ ನಾನು ಒಂದು ತಿದ್ದುಪಡಿ ತಂದೆ. ಸಭೆಯ ವೇಳೆ ಶೌಚಾಲಯದಲ್ಲಿರುವ ಸದಸ್ಯರನ್ನು ಹಾಜರಿದ್ದಾರೆಂದೇ ಪರಿಗಣಿಸತಕ್ಕದ್ದು. ಒಳಗಿನಿಂದ ಎರಡು ಸಲ ಬಾಗಿಲು ಬಡಿದರೆ ಅದನ್ನು ಒಪ್ಪಿಗೆಯೆಂದು ತಿಳಿಯತಕ್ಕದ್ದು. ಈ ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಯಿತು, ಅದರಲ್ಲಿ ಬಾಗಿಲು ಬಡಿದವರ ಮತಗಳೇ ಹೆಚ್ಚು.

ಭಾಮಾಳ ಹೊಟ್ಟೆ ಮಾತ್ರ ಸುತ್ತೋಲೆಯ ಮಾತು ಕೇಳಲಿಲ್ಲ. ಜ್ವರ ಬಂತು. ಜ್ವರ ಏರಿತು. ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಒಂದು ಔಷಧ ಹಚ್ಚಿದರು, ಜ್ವರ ಇಳಿಯಲಿಲ್ಲ. ಬೇರೆ ಔಷಧ ಹಚ್ಚಿದರು, ಅದಕ್ಕೂ ಇಳಿಯಲಿಲ್ಲ. ಹೊಸ ಹೊಸ ಹೆಸರಿನ ಬಾಟಲಿಗಳು ತಲೆದೆಸೆಯಲ್ಲಿ ತೂಗಿದವು. ಅಧ್ಯಕ್ಷರು ನೋಡಲು ಬಂದು ಹಣ್ಣಿನ ಜೊತೆ ಒಂದು ಬಾಟಲಿ ಜೀವಂತ ಹಾಲನ್ನೂ ಇಟ್ಟು ಹೋದರು. ಅವಳು ಕಣ್ಣು ಬಿಟ್ಟು ಅದನ್ನು ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಬಹಳ ಹೆದರಿಕೆಯಾಯಿತು. ಅವಳಿಲ್ಲದ ಮನೆಯಲ್ಲಿ ನಾನು ಯಾರ ಬೆಲ್ ಒತ್ತಲಿ ಎಂದು ಯೋಚನೆ ಬಂತು. ಈ ಹೆದರಿಕೆ ವೈಯಕ್ತಿಕವಾದ್ದರಿಂದ ಅದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿಲ್ಲ.

ಕೇತಕಿ ಆಸ್ಪತ್ರೆಗೇ ಬಂದಳು, ಕೈಯಲ್ಲಿ ಪರೀಕ್ಷೆಯ ವರದಿ.

“ಕಾಕಾ, ಆ ಹಸುಗಳ ಉಸ್ತುವಾರಿ ಯಾರ ಮಾಡ್ತಾರ?”

“ಪುನೀತ ಅಂತ. ಕಾರ್ಖಾನಿಯೊಳಗ ಮಷೀನ್ ನೋಡ್ಕೊಳ್ಳಾಂವನ ಹಸೂನೂ ನೋಡ್ಕೋತಾನ. ಭಾಳ ಶಿಸ್ತಿನ ಮನಶಾ.”

ಇದು ನಿಜ. ಪುನೀತನ ಶಿಸ್ತನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರ ಕೆಡುವವರೆಗೆ ಕಾಯಬಾರದು, ಕೆಡುವ ಮೊದಲೇ ಎಣ್ಣೆ ಬಿಡಬೇಕು ಎಂಬುದು ಕಾರ್ಖಾನೆಯ ಪಾಠ. ಅವನು ಪ್ರತಿ ಸೋಮವಾರ ಎಲ್ಲ ಯಂತ್ರಗಳಿಗೂ ಎಣ್ಣೆ ಬಿಟ್ಟು, ಅದೇ ಸುತ್ತಿನಲ್ಲಿ ಕೊಟ್ಟಿಗೆಗೆ ಬಂದು, ಎಲ್ಲ ಹಸುಗಳಿಗೂ ಒಂದೊಂದು ಆಂಟಿಬಯಾಟಿಕ್ ಇಂಜೆಕ್ಷನ್ ಚುಚ್ಚುತ್ತಿದ್ದ. ಹಸುವಿಗೆ ಕಾಯಿಲೆ ಇದೆಯೇ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಚುಚ್ಚಿದ್ದಕ್ಕೆ ಹಸುವಿನ ಕೊರಳ ಚೀಟಿಯ ಮೇಲೆ ಹಸಿರು ಗುರುತು ಹಾಕುತ್ತಿದ್ದ. ಔಷಧ ಚುಚ್ಚಿದ ಮೇಲೆ ಕೆಲವು ದಿನ ಹಾಲನ್ನು ಮಾರಬಾರದೆಂದು ಔಷಧದ ಡಬ್ಬಿಯ ಮೇಲೆ ಬರೆದಿತ್ತು. ಯಂತ್ರಕ್ಕೆ ಎಣ್ಣೆ ಬಿಟ್ಟು ಉತ್ಪಾದನೆ ನಿಲ್ಲಿಸುವ ಪದ್ಧತಿ ಆ ಕಾರ್ಖಾನೆಯಲ್ಲಿ ಇರಲಿಲ್ಲ.

ಇದನ್ನೆಲ್ಲ ಕೇಳಿ ಕೇತಕಿ ಹಣೆ ಹಿಡಿದುಕೊಂಡಳು.

“ಹಿಂಗ ವಾರಾ ವಾರಾ ಔಷಧ ಹೊಡದ್ರ ಸಾಯೂ ಕ್ರಿಮಿ ಸಾಯತಾವ, ಗಟ್ಟಿ ಇದ್ದಾವು ಉಳೀತಾವ. ಉಳದಾವ ಮರಿ ಹಾಕತಾವ. ಈಗ ನಿಮ್ಮ ಹಾಲಿನ್ಯಾಗ ಇರೂವು ಏಳು ಔಷಧಕ್ಕೂ ಅಂಜಂಗಿಲ್ಲ ಕಾಕಾ. ನಾವು ಹಚ್ಚಿ ನೋಡಿದ್ದ ಏಳು. ಮೊಸರು ಮಾಡೂ ಬಡಪಾಯಿ ಕ್ರಿಮಿ ಅಷ್ಟ ಆ ಔಷಧಕ್ಕ ಸಾಯತಾವ. ಅದಕ್ಕ ನಿಮ್ಮ ಹಾಲಿಗೆ ಹೆಪ್ಪು ಹತ್ತವಲ್ದು. ಕಾಕೂಗ ಔಷಧ ನಾಟವಲ್ದಲ್ಲ, ಅದೂ ಇದ ಕಾರಣಕ್ಕ.”

“ಇದಕ್ಕ ಪರಿಹಾರ ಏನವಾ?”

“ಹಾಲ ಕಾಯಸ್ರಿ. ಎಂಥಾ ಶೂರ ಕ್ರಿಮಿ ಇದ್ರೂ ಕುದಿಯೂ ಹಾಲಿನ್ಯಾಗ ಉಳಿಯಂಗಿಲ್ಲ. ಹಾಲಿನ್ಯಾಗಿನ ಔಷಧ ಮಾತ್ರ ಕಾಯಿಸಿದ್ರೂ ಹೋಗಂಗಿಲ್ಲ, ಅದಕ್ಕ ಆ ಇಂಜೆಕ್ಷನ್ ನಿಲ್ಲಸಬೇಕು.”

“ಕಾಯಸೂದು ಬಿಟ್ಟು ಬ್ಯಾರೆ ಏನರೆ ಅದ ಏನು?”

ಕೇತಕಿ ನನ್ನನ್ನೇ ನೋಡುತ್ತ ಕೂತಳು. ಚಿಕ್ಕಂದಿನಲ್ಲಿ ಅವಳಿಗೆ ಮಗ್ಗಿ ಹೇಳಿಕೊಟ್ಟವನು ನಾನು. ಆ ಕಲಿಕೆಯ ಬಗ್ಗೆ ಅವಳಿಗೆ ಆಗ ಅನುಮಾನ ಬಂದಿರಬೇಕು.

ವರದಿಯನ್ನು ಸರ್ವಸಾಧಾರಣ ಸಭೆಯ ಮುಂದಿಡುವುದು ಕಾರ್ಯದರ್ಶಿಯ ಕರ್ತವ್ಯ. ಇಟ್ಟೆ. ಸಭೆ ಸೇರುವ ಮಂಟಪದ ಕುರ್ಚಿಗಳನ್ನು ಶೌಚಾಲಯದ ಹತ್ತಿರಕ್ಕೆ ಸರಿಸಲಾಗಿತ್ತು. ವರದಿಯ ಮೊದಲ ಹಾಳೆಯಲ್ಲಿ ಪ್ಯಾಕೆಟ್ ಹಾಲಿನ ಫಲಿತಾಂಶವಿತ್ತು: ಏನೂ ಬೆಳೆಯಲಿಲ್ಲ. ಎರಡನೆಯ ಹಾಳೆಯಲ್ಲಿ ನಮ್ಮ ಹಾಲಿನ ಫಲಿತಾಂಶ: ಒಂದು ಹನಿಯಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ, ಹಚ್ಚಿದ ಏಳು ಔಷಧಗಳಲ್ಲಿ ಒಂದಕ್ಕೂ ಬಗ್ಗಲಿಲ್ಲ. ಅಧ್ಯಕ್ಷರು ಎರಡೂ ಹಾಳೆಗಳನ್ನು ಎತ್ತಿ ಹಿಡಿದರು. ಅವರು ಪುಣೆಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರ ಕನ್ನಡಕ್ಕೆ ಮರಾಠಿಯ ಒಗ್ಗರಣೆ ಇರುತ್ತದೆ.

“ಬಘಾ, ನೋಡಿ, ಇದು ಪ್ಯಾಕೆಟ್ ಹಾಲು. ಇದರಲ್ಲಿ ಏನುಂಟು? ಸೊನ್ನೆ. ಸತ್ತ ಹಾಲು. ಇದು ನಮ್ಮದು. ಇದರಲ್ಲಿ ಲಕ್ಷಾಂತರ ಜೀವ. ನಾನು ಜೀವಂತ ಹಾಲು ಅಂತ ಹೇಳಿದ್ದು ಸುಳ್ಳಾ? ಲ್ಯಾಬಿನವರೇ ಬರೆದು ಕೊಟ್ಟಿದ್ದಾರೆ. ಏಳು ಔಷಧ ಒಂದರ ಮೇಲೊಂದು ಬಂದವು. ಏಳೂ ಹಾರ್‌ಲೇ. ಸೋತವು. ಇಷ್ಟು ತಾಕತ್ತಿನ ಹಾಲು ಇಡೀ ಜಿಲ್ಲೆಯಲ್ಲಿ ಉಂಟಾ?”

ಚಪ್ಪಾಳೆ ಬಿತ್ತು. ಹೊಟ್ಟೆಗೆ ಕುಲುಕು ಬೀಳದ ಹಾಗೆ, ಮೆಲ್ಲಗೆ.

ಕೇತಕಿ ಎದ್ದು ನಿಂತು, “ಆ ತಾಕತ್ತು ನಿಮ್ಮ ವಿರುದ್ಧ ಅದ್ರಿ. ನಾಳೆ ನಿಮಗ ಕಾಯಿಲೆ ಬಂದ್ರ ಕೊಡಾಕ ಔಷಧ ಉಳಿಯಂಗಿಲ್ಲ,” ಎಂದಳು.

“ಮಗಳೇ, ಹಾಗೆ ಹೇಳಬಾರದು. ಅವು ನಮ್ಮ ಹಸುವಿನವು. ಮನೆಯವರಿದ್ದ ಹಾಗೆ,” ಎಂದರು ಅಧ್ಯಕ್ಷರು. ಇದಕ್ಕೆ ಶೌಚಾಲಯದ ಒಳಗಿನಿಂದಲೂ ಎರಡೆರಡು ಸಲ ಬಾಗಿಲು ಬಡಿದ ಸದ್ದು ಕೇಳಿಸಿತು. ಬಾಟಲಿಯ ಮೇಲೆ ‘ಏಳು ಔಷಧಗಳಿಗೂ ಜಗ್ಗದ ಹಾಲು’ ಎಂದು ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಕೇತಕಿ ತನ್ನ ಚೀಲ ಎತ್ತಿಕೊಂಡು ಆಸ್ಪತ್ರೆಯ ಕಡೆ ಹೋದಳು.

ಇತರ ವಿಷಯಗಳಡಿ ಲೀಲಾಕ್ಷಿಯವರ ಅರ್ಜಿ ಬಂತು. ಅವರು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು. ಸದಸ್ಯರು ಕಲ್ಲುಮನಸ್ಸಿನವರಲ್ಲ. ಹಾಲು ಉಕ್ಕದೆ ಗೃಹಪ್ರವೇಶವಾಗುವುದಿಲ್ಲವೆಂದು ಎಲ್ಲರೂ ಒಪ್ಪಿದರು. ಹಾಲು ಕಾಯಿಸಲು ಬಿಡಬಾರದೆಂದೂ ಎಲ್ಲರೂ ಒಪ್ಪಿದರು. ಇಂಥ ಬಿಕ್ಕಟ್ಟಿನಲ್ಲಿಯೇ ಅನುಭವ ಕೆಲಸಕ್ಕೆ ಬರುವುದು. ಉಕ್ಕುವುದೆಂದರೆ ಹಾಲು ಪಾತ್ರೆಯ ಅಂಚನ್ನು ದಾಟುವುದು, ಇದರಲ್ಲಿ ಬೆಂಕಿಯ ಪ್ರಸ್ತಾಪವೆಲ್ಲಿದೆ ಎಂದು ನಾನು ಕೇಳಿದೆ. ಪಾತ್ರೆಯಲ್ಲಿ ಕಂಠದವರೆಗೆ ಹಾಲು ತುಂಬಿಟ್ಟು, ಮುಹೂರ್ತಕ್ಕೆ ಸರಿಯಾಗಿ ಮೇಲಿನಿಂದ ಇನ್ನೊಂದು ತಂಬಿಗೆ ಸುರಿದರೆ ಅಂಚು ದಾಟುತ್ತದೆ.

“ಅದು ಚೆಲ್ಲುವುದು ಮಾರಾಯ್ರೆ, ಉಕ್ಕುವುದಲ್ಲ,” ಎಂದರು ಮೋಹನದಾಸ್.

“ನಿಯಮದ ದೃಷ್ಟಿಯೊಳಗ ಎರಡೂ ಒಂದರಿ.”

ಲೀಲಾಕ್ಷಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರು ಅವಸರವಾಗಿ ಎದ್ದು ಒಳಗೆ ಹೋದರು. ಅಧ್ಯಕ್ಷರಿಲ್ಲದಾಗ ಚರ್ಚೆ ನಡೆಯುವಂತಿಲ್ಲ, ಆದರೆ ನಿರ್ಣಯ ಆಗಬಹುದು. ಆಯಿತು.

ಹೋಟೆಲಿನವರು ಹೊರಗಿನಿಂದ ಕಾಯಿಸಿದ ಹಾಲನ್ನು ತಂದು ಬದಲಿಸಬಹುದೆಂಬ ಅನುಮಾನ ಕೆಲವರಿಗಿತ್ತು. ಆದ್ದರಿಂದ ನಾನು ಮುನ್ನೆಚ್ಚರಿಕೆಯ ಷರತ್ತುಗಳನ್ನು ಸೇರಿಸಿದೆ. ಹಿಂದಿನ ದಿನ ಮಧ್ಯಾಹ್ನವೇ ದಳದವರು ಆ ಮನೆಯ ಅಡಿಗೆಮನೆಗೆ ಹೋಗಿ, ಒಲೆಯ ಮೇಲೆ ಪಾತ್ರೆಯಿಟ್ಟು, ಜೀವಂತ ಹಾಲು ತುಂಬಿ, ಮುಚ್ಚಳ ಮುಚ್ಚಿ, ಕೆಂಪು ದಾರ ಕಟ್ಟಿ, ಅರಗಿನ ಮುದ್ರೆ ಒತ್ತತಕ್ಕದ್ದು. ಸಿಲಿಂಡರಿನ ರೆಗ್ಯುಲೇಟರನ್ನು ಬಿಚ್ಚಿ ಕಾರ್ಯದರ್ಶಿಯ ವಶಕ್ಕೆ ಕೊಡತಕ್ಕದ್ದು. ಅಡಿಗೆಮನೆಯ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ ಬೀಗ ಹಾಕತಕ್ಕದ್ದು. ವೈಶಾಖದ ಬಿಸಿಲು ಆ ದಿನ ಹೇಗಿತ್ತೆಂದರೆ ಮುದ್ರೆಯ ಅರಗನ್ನು ಕರಗಿಸಲು ಹೆಚ್ಚು ಶ್ರಮ ಬೇಕಾಗಲಿಲ್ಲ.

ಮರುದಿನ ಮುಹೂರ್ತಕ್ಕೆ ನಾವೆಲ್ಲ ಮೇಲೆ ಹೋದೆವು. ಮೂರನೆಯ ಮಹಡಿಗೆ ಬಂದಾಗಲೇ ಒಂದು ವಾಸನೆ ಎದುರಾಯಿತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಒಳ್ಳೆಯ ದಿನ ನೋಡಿ. ಹೋಮ ಮುಗಿಯಿತು. ಲೀಲಾಕ್ಷಿ ಹಸಿರು ಸೀರೆಯುಟ್ಟು, ಅರಿಸಿನ ಕುಂಕುಮದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತಟ್ಟೆಯಲ್ಲಿ ಹೂ, ವೀಳ್ಯದೆಲೆ, ಮತ್ತು ಒಂದು ಹೊಸ ಬೆಂಕಿಪೆಟ್ಟಿಗೆ ಇತ್ತು. ಬೆಂಕಿಪೆಟ್ಟಿಗೆ ಯಾಕೆಂದು ದಳದವರೊಬ್ಬರು ಕೇಳಿದರು. ಸುಮ್ಮನೆ, ತಟ್ಟೆಯಲ್ಲಿರಲಿ ಅಂತ, ಎಂದರು. ಅವರ ಮುಖ ನೋಡಿ ನಾನು ಅದನ್ನು ಜಪ್ತಿ ಮಾಡಲಿಲ್ಲ. ನನ್ನ ಸೇವಾವಧಿಯಲ್ಲಿ ನಾನು ತೋರಿಸಿದ ಸಡಿಲಿಕೆ ಅದೊಂದೇ.

ಬೀಗ ತೆಗೆದು ಬಾಗಿಲು ದೂಡಿದೆ. ಒಳಗೆ ಪಾತ್ರೆಯ ಮುಚ್ಚಳ ಮೆಲ್ಲಗೆ ಕಟಕಟ ಎನ್ನುತ್ತಿತ್ತು. ಭಟ್ಟರು ಮಂತ್ರ ನಿಲ್ಲಿಸಿದರು. ಮೋಹನದಾಸ್ ತಂಬಿಗೆ ಹಿಡಿದು ಮುಂದೆ ಬರುವಷ್ಟರಲ್ಲಿ ದಾರ ಬಿಗಿಯಾಗಿ, ಅರಗು ಬಿರುಕು ಬಿಟ್ಟು, ಮುಚ್ಚಳ ಹಾರಿ ಹೋಗಿ ಸಿಂಕಿನಲ್ಲಿ ಬಿತ್ತು. ಪಾತ್ರೆಯಿಂದ ನೊರೆ ಎದ್ದಿತು. ಬೆಳ್ಳಗೆ, ದಪ್ಪಗೆ, ಅಂಚು ದಾಟಿ, ನಾಲ್ಕೂ ಕಡೆ ಇಳಿದು, ಒಲೆಯನ್ನೆಲ್ಲ ಆವರಿಸಿ, ಕಟ್ಟೆಯಿಂದ ನೆಲಕ್ಕೆ ಹರಿಯಿತು. ಯಾರೂ ಏನನ್ನೂ ಸುರಿದಿರಲಿಲ್ಲ. ಒಲೆ ತಣ್ಣಗಿತ್ತು. ರೆಗ್ಯುಲೇಟರ್ ನನ್ನ ಜೇಬಿನಲ್ಲಿತ್ತು.

ಸ್ವಲ್ಪ ಹೊತ್ತು ಎಲ್ಲರೂ ಮೂಗು ಮುಚ್ಚಿಕೊಂಡು ನಿಂತರು. ಆಮೇಲೆ ಅಧ್ಯಕ್ಷರು ಮೂಗಿನಿಂದ ಕೈ ತೆಗೆದು ಎರಡೂ ಕೈ ಜೋಡಿಸಿದರು.

“ಬೆಂಕಿಯಿಲ್ಲದೆ ಉಕ್ಕಿತು,” ಎಂದರು.

ಎಲ್ಲರೂ ಕೈ ಜೋಡಿಸಿದರು. ಭಟ್ಟರು ಯಾವ ಮಂತ್ರ ಹೇಳಬೇಕೆಂದು ತಿಳಿಯದೆ ಎಲ್ಲ ಸಂದರ್ಭಕ್ಕೂ ಹೊಂದುವಂಥದ್ದೊಂದನ್ನು ಹೇಳಿದರು.

“ಇದು ಉಕ್ಕಿದ್ದಲ್ಲ. ಹಾಳಾದದ್ದು,” ಎಂದರು ಲೀಲಾಕ್ಷಿ. ಅವರ ದನಿ ಸಣ್ಣದಾಗಿತ್ತು. “ಬಿಸಿಲಿಗೆ ಹುಳಿತು ನೊರೆ ಬಂದದ್ದು. ಒಮ್ಮೆ ಎಲ್ಲ ತೊಳೆದು, ಬೇರೆ ಹಾಲು ಇಟ್ಟು ನಾನು…”

“ತಂಗೀ, ತೊಳೆಯುವ ಮಾತು ಎತ್ತಬೇಡಿ,” ಎಂದರು ಅಧ್ಯಕ್ಷರು, ಬಹಳ ಗೌರವದಿಂದ. “ನಿಮ್ಮ ಮನೆಗೆ ಎಂಥ ಭಾಗ್ಯ ಬಂದಿದೆ ಅಂತ ನಿಮಗೇ ಗೊತ್ತಾಗ್ತಾ ಇಲ್ಲ.”

ಅಲ್ಲೇ ನಿಂತ ನಿಲುವಿನಲ್ಲಿ ತುರ್ತು ಸಭೆ ನಡೆಯಿತು. ಪಾತ್ರೆಯನ್ನು ಸರಿಸತಕ್ಕದ್ದಲ್ಲ. ಒಲೆಯನ್ನು ಒರೆಸತಕ್ಕದ್ದಲ್ಲ. ದಿನವೂ ಪಾತ್ರೆಗೆ ಹೊಸ ಹಾಲು ಸೇರಿಸಿ ಹಳೆಯದನ್ನು ಕಾಪಾಡತಕ್ಕದ್ದು. ಆ ಅಡಿಗೆಮನೆಯಲ್ಲಿ ಅಡಿಗೆ ಮಾಡತಕ್ಕದ್ದಲ್ಲ, ಆದ್ದರಿಂದ ಆ ಮನೆಯಲ್ಲಿ ಸದ್ಯಕ್ಕೆ ಯಾರೂ ವಾಸಿಸತಕ್ಕದ್ದಲ್ಲ. ಮಾಲೀಕರ ಹಕ್ಕಿಗೆ ಇದರಿಂದ ಯಾವ ಬಾಧಕವೂ ಇಲ್ಲ, ಮೇಂಟೆನೆನ್ಸ್ ಅವರೇ ಕಟ್ಟುತ್ತಾರೆ. ಲೀಲಾಕ್ಷಿ ತಟ್ಟೆಯಿಂದ ಬೆಂಕಿಪೆಟ್ಟಿಗೆಯನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡರು. ಅತ್ತರೋ ಇಲ್ಲವೋ ನಾನು ನೋಡಲಿಲ್ಲ. ನೋಡಬಾರದೆಂದೇ ಬೇರೆ ಕಡೆ ತಿರುಗಿದೆ.

ಸುದ್ದಿ ಮೊದಲು ಮಾರ್ಕೆಟ್ ಯಾರ್ಡಿಗೆ ಹೋಯಿತು. ಅಲ್ಲಿಂದ ಈರುಳ್ಳಿ ಲಾರಿಗಳ ಜೊತೆ ನಾಲ್ಕು ದಿಕ್ಕಿಗೆ ಹೋಯಿತು. ಜನ ಬರತೊಡಗಿದರು. ಪ್ರತಿಯೊಬ್ಬರಿಗೂ ಒಂದು ಚಮಚ ನೊರೆಯನ್ನು ತೀರ್ಥವಾಗಿ ಕೊಡುತ್ತೇವೆ. ಗೇಟಿನಲ್ಲಿ ಫಲಕ ಹಾಕಿದ್ದೇವೆ: ‘ದರ್ಶನಕ್ಕೆ ಎಡಕ್ಕೆ. ಆಂಬುಲೆನ್ಸಿಗೆ ಬಲಕ್ಕೆ. ದಯವಿಟ್ಟು ಮೊದಲು ಎಡಕ್ಕೆ ಹೋಗಿ ಬನ್ನಿ.’ ನೆಲಮಹಡಿಯ ಒಂದು ಅಂಗಡಿಯಲ್ಲಿ ಒಬ್ಬರು ಡಾಕ್ಟರು ದವಾಖಾನೆ ತೆರೆದಿದ್ದಾರೆ. ತಾವು ಕೊಡುವ ಔಷಧ ಕೆಲಸ ಮಾಡುವುದಿಲ್ಲವೆಂದು ಅವರು ಮೊದಲೇ ಹೇಳಿಬಿಡುವುದರಿಂದ ಜನಕ್ಕೆ ಅವರ ಮೇಲೆ ನಂಬಿಕೆ ಜಾಸ್ತಿ. ಹೊಸ ಮನೆ ಕಟ್ಟಿದವರು ತಾವಾಗಿ ಉಕ್ಕುವ ಹಾಲಿಗೆ ಈಗಲೇ ಹೆಸರು ಬರೆಸುತ್ತಿದ್ದಾರೆ. ಪುನೀತ ಕೊಟ್ಟಿಗೆಯನ್ನು ಹಿಗ್ಗಿಸಿದ್ದಾನೆ.

ಭಾಮಾ ಕೊನೆಗೂ ಬದುಕಿ ಬಂದಳು. ಆಸ್ಪತ್ರೆಯ ಡಾಕ್ಟರರ ಕಪಾಟಿನಲ್ಲಿ ಉಳಿದಿದ್ದ ಕಟ್ಟಕಡೆಯ ಔಷಧಕ್ಕೆ ಜ್ವರ ಬಿಟ್ಟಿತು. ಇದರ ನಂತರ ಬೇರೆ ಇಲ್ಲ, ಜೋಪಾನ ಎಂದು ಅವರು ಹೇಳಿ ಕಳಿಸಿದರು. ಅರ್ಧ ಇಳಿದು ಹೋಗಿದ್ದ ಅವಳನ್ನು ಗಾಡಿಯಿಂದ ಕೈಹಿಡಿದು ಇಳಿಸಿಕೊಂಡಾಗ ನನಗೆ ಬಹಳ ಸಂತೋಷವಾಯಿತು. ಅವಳು ಮನೆಯ ಒಳಗೆ ಹೋಗುವ ಮೊದಲು ನಾಲ್ಕನೆಯ ಮಹಡಿಗೆ ಕರಕೊಂಡು ಹೋಗಿರೆಂದಳು. ಪಾತ್ರೆಯ ಮುಂದೆ ನಿಂತು ಕೈ ಮುಗಿದಳು.

“ಏನ್ ಬೇಡಕೊಂಡಿ?” ಎಂದು ಕೇಳಿದೆ.

“ಬೇಡೂದೇನದ. ಯಾ ಔಷಧಕ್ಕೂ ಬಗ್ಗದ್ದು ನನ್ನ ಬಿಟ್ಟು ಹೋತಲ್ಲ. ಅದರ ದೊಡ್ಡಸ್ತನ ಅದು,” ಎಂದಳು.

ಮೋಹನದಾಸ್ ಮತ್ತು ಲೀಲಾಕ್ಷಿ ಹೋಟೆಲಿನ ಮೇಲಿನ ಕೋಣೆಯಲ್ಲೇ ಇದ್ದಾರೆ. ಅಲ್ಲಿ ದಿನವೂ ಹಾಲು ಕಾಯಿಸುತ್ತಾರೆಂದು ಕೇಳಿದ್ದೇನೆ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಭಾನುವಾರ ಲೀಲಾಕ್ಷಿ ಬರುತ್ತಾರೆ. ಅವರ ಬಗ್ಗೆ ತಪ್ಪು ಹೇಳುವ ಹಾಗಿಲ್ಲ. ಮನೆಯ ಮಾಲೀಕರೆಂದು ಯಾವತ್ತೂ ಮುಂದೆ ನುಗ್ಗಿದವರಲ್ಲ, ಎಲ್ಲರ ಹಾಗೆ ಮೆಟ್ಟಿಲ ಮೇಲೆ ಸರದಿಯಲ್ಲೇ ನಿಲ್ಲುತ್ತಾರೆ. ಮೊನ್ನೆ ಬಂದಾಗ ಅಡಿಗೆಮನೆಯ ಬಾಗಿಲವರೆಗೆ ಬಂದು, ಒಲೆಯನ್ನು ನೋಡುತ್ತ, ತೀರ್ಥ ಕೊಡುತ್ತಿದ್ದ ನನ್ನನ್ನು ಕೇಳಿದರು.

“ಕಾರ್ಯದರ್ಶಿಗಳೇ, ಈ ಮನೆಗೆ ನಾವು ಯಾವಾಗ ಬರಬಹುದು?”

“ಮುಂಜಾನೆ ಒಂಬತ್ತರಿಂದ ಒಂದು. ಸಂಜಿಮುಂದ ನಾಕರಿಂದ ಏಳು. ಒಂದರಿಂದ ನಾಕು ಬಂದ್ ಇರ್ತದ್ರಿ,” ಎಂದೆ.

ಅವರು ಗೋಡೆಯ ಗಡಿಯಾರ ನೋಡಿದರು.

“ಹಾಗಾದರೆ ಸಂಜೆ ಬರ್ತೇನೆ. ಈಗ ಹೋಟೆಲಿನಲ್ಲಿ ಊಟದ ಹೊತ್ತು,” ಎಂದು ಹೇಳಿ, ಹಿಂದಿನವರಿಗೆ ದಾರಿ ಬಿಟ್ಟು, ಬಾಗಿಲಲ್ಲಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು.